ಹಿಂದೆ ಕೂತವರಿಗೆ ‘ಬೆಲ್ಟ್ ಹಾಕ್ಕೊಳ್ಳಿ’ ಅಂತ ಹೇಳುವವರು ಯಾರು?

ಟೋಲ್ ಹತ್ತಿರ ಬರುತ್ತಿದ್ದಂತೆ ಕಾರಿನೊಳಗೆ ಒಂದು ಗಡಿಬಿಡಿ ಶುರುವಾಗುತ್ತದೆ. ‘ಮುಂದೆ ಪೊಲೀಸ್ರು ನಿಂತಿದ್ದಾರೆ, ಬೆಲ್ಟ್ ಎಳ್ಕೊಳ್ಳಿ.’ ಡ್ರೈವರ್ ಪಕ್ಕ ಕೂತವರು ಬೆಲ್ಟ್ ಎಳೆದು ಎದೆಯ ಮೇಲೆ ಹಿಡಿದುಕೊಳ್ಳುತ್ತಾರೆ. ಎಷ್ಟೋ ಸಲ ಬಕಲ್‌ಗೆ ಸಿಕ್ಕಿಸುವುದೂ ಇಲ್ಲ, ಕೈಯಲ್ಲೇ ಹಿಡಿದಿರುತ್ತಾರೆ. ಪೊಲೀಸರನ್ನು ದಾಟಿದ ಕೂಡಲೇ ಕೈ ಬಿಡುತ್ತಾರೆ, ಬೆಲ್ಟ್ ಸರ್ರನೆ ಒಳಗೆ ಹೋಗುತ್ತದೆ. ಹಿಂದಿನ ಸೀಟಿನಲ್ಲಿ ಕೂತವರಿಗೆ ಇಷ್ಟು ಗಡಿಬಿಡಿಯೂ ಇಲ್ಲ. ಅವರನ್ನು ಯಾರೂ ಕೇಳುವುದೇ ಇಲ್ಲ.

ನಾನೂ ಎಷ್ಟೋ ವರ್ಷ ಹೀಗೇ ಓಡಾಡಿದವನು. ಒಂದು ಘಟನೆ ನನ್ನನ್ನು ಬದಲಿಸಿತು. ದೊಡ್ಡಪ್ಪನನ್ನು ತಿಪಟೂರಿನಿಂದ ಬೆಂಗಳೂರಿಗೆ ಕರೆತರುತ್ತಿದ್ದೆ, ಕಣ್ಣು ತೋರಿಸಬೇಕಿತ್ತು. ಗಾಡಿ ಓಡಿಸುತ್ತಿದ್ದವನು ನಾನೇ. ಅವರು ಹಿಂದಿನ ಸೀಟಿನ ಮಧ್ಯಕ್ಕೆ ಸರಿದು, ಮುಂದಿನ ಎರಡು ಸೀಟುಗಳ ನಡುವೆ ಮುಖ ತಂದು, ತೆಂಗಿನ ತೋಟದ ವಿಷಯ ಮಾತಾಡುತ್ತಾ ಬರುತ್ತಿದ್ದರು. ಕೆ.ಬಿ. ಕ್ರಾಸ್ ದಾಟಿದ ಮೇಲೆ ಪಕ್ಕದ ದಾರಿಯಿಂದ ಒಂದು ಬೈಕ್ ಸರಕ್ಕನೆ ಅಡ್ಡ ಬಂತು. ಜೋರಾಗಿ ಬ್ರೇಕ್ ಒತ್ತಿದೆ. ಬೈಕಿಗೆ ಗುದ್ದಲಿಲ್ಲ. ಯಾವುದಕ್ಕೂ ಗುದ್ದಲಿಲ್ಲ. ಆದರೆ ದೊಡ್ಡಪ್ಪ ಹಿಂದಿನಿಂದ ಬಂದು ಗೇರ್ ಹತ್ತಿರ ಬಿದ್ದರು. ಹುಬ್ಬು ಒಡೆದು ಐದು ಹೊಲಿಗೆ ಬಿತ್ತು, ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು.

ಅಪಘಾತವೇ ಆಗದೆ, ಬರೀ ಒಂದು ಬ್ರೇಕಿಗೆ ಇಷ್ಟು. ಇನ್ನು ನಿಜವಾಗಿ ಗುದ್ದಿದ್ದರೆ?

ನನ್ನನ್ನು ಇವತ್ತಿಗೂ ಕಾಡುವುದು ಆ ಬ್ರೇಕ್ ಅಲ್ಲ, ಹೊರಡುವಾಗಿನ ಒಂದು ಕ್ಷಣ. ‘ದೊಡ್ಡಪ್ಪ, ಬೆಲ್ಟ್ ಹಾಕ್ಕೊಳ್ಳಿ’ ಅಂತ ಹೇಳಬೇಕು ಅನ್ನಿಸಿತ್ತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ನನ್ನನ್ನು ಸೈಕಲ್ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬರುತ್ತಿದ್ದ ಮನುಷ್ಯ ಅವರು. ಅವರಿಗೆ ನಾನು ಹೇಗೆ ಕೂರಬೇಕು ಅಂತ ಹೇಳುವುದೇ ಅನ್ನುವ ಸಂಕೋಚ. ಬೆಲ್ಟ್ ವಿಷಯದಲ್ಲಿ ನಮ್ಮ ಕಡೆ ನಿಜವಾಗಿ ಅಡ್ಡ ನಿಂತಿರುವುದು ಈ ಸಂಕೋಚವೇ ಎಂದು ನನಗೆ ಅನ್ನಿಸುತ್ತದೆ. ತಿಳಿವಳಿಕೆ ಇಲ್ಲ ಅನ್ನುವುದು ಅರ್ಧ ಮಾತ್ರ ನಿಜ.

ಮೊದಲು ಲೆಕ್ಕ ನೋಡೋಣ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 16,715 ಜನ ಸೀಟ್ ಬೆಲ್ಟ್ ಹಾಕಿರಲಿಲ್ಲ. ಈ ಸಂಖ್ಯೆಯನ್ನು ಒಡೆದು ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ: 8,384 ಜನ ಡ್ರೈವರ್‌ಗಳು, 8,331 ಜನ ಪ್ರಯಾಣಿಕರು. ಹತ್ತಿರ ಹತ್ತಿರ ಅರ್ಧಕ್ಕರ್ಧ. ಅಂದರೆ ಸ್ಟೀರಿಂಗ್ ಮುಟ್ಟದೆ, ಸುಮ್ನೆ ಕೂತು ಬರುತ್ತಿದ್ದವರು ದಿನಕ್ಕೆ 22–23 ಜನ ಬೆಲ್ಟ್ ಇಲ್ಲದೆ ಸತ್ತಿದ್ದಾರೆ. ಬೆಲ್ಟ್ ಹಾಕಿದ್ದರೆ ಅಷ್ಟೂ ಜನ ಉಳಿಯುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಬೆಲ್ಟ್ ಹಾಕಿದರೆ ಸಾಯುವ ಅಪಾಯ ಅರ್ಧದವರೆಗೆ ಕಡಿಮೆಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಅರ್ಧವನ್ನೇ ಲೆಕ್ಕ ಹಾಕಿಕೊಳ್ಳಿ. ಅಷ್ಟು ಜನ ಸೇರಿದರೆ ಒಂದು ದೊಡ್ಡ ಊರೇ ಆಗುತ್ತದೆ.

ಅದೇ ವರ್ಷ ಸೆಪ್ಟೆಂಬರ್ 4ರಂದು ಮುಂಬೈ–ಅಹಮದಾಬಾದ್ ಹೆದ್ದಾರಿಯಲ್ಲಿ, ಪಾಲ್ಘರ್ ಹತ್ತಿರದ ಸೇತುವೆಯೊಂದಕ್ಕೆ ಕಾರು ಗುದ್ದಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರು. ಬಹಳ ಒಳ್ಳೆಯ ಕಾರು, ಬೇಕಾದಷ್ಟು ಏರ್‌ಬ್ಯಾಗ್‌ಗಳು. ಮುಂದೆ ಕೂತಿದ್ದ ಇಬ್ಬರು ತೀವ್ರವಾಗಿ ಗಾಯಗೊಂಡರೂ ಬದುಕಿದರು. ಹಿಂದೆ ಕೂತಿದ್ದ ಇಬ್ಬರೂ ಹೋದರು. ಹಿಂದಿನವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಅದಕ್ಕೂ ಎಂಟು ವರ್ಷ ಮೊದಲು, 2014ರ ಜೂನ್ 3ರಂದು, ಕೇಂದ್ರ ಸಚಿವ ಗೋಪಿನಾಥ್ ಮುಂಡೆ ದೆಹಲಿಯಲ್ಲಿ ಹೀಗೇ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ ಕೂತಿದ್ದಾಗ ಅಪಘಾತದಲ್ಲಿ ತೀರಿಕೊಂಡಿದ್ದರು. ಆಗ ಒಂದಷ್ಟು ದಿನ ಚರ್ಚೆ ನಡೆದು ತಣ್ಣಗಾಯಿತು.

ಮಿಸ್ತ್ರಿ ಸಾವಿನ ನಂತರ ಮಾತ್ರ ಸ್ವಲ್ಪ ಬಿಸಿ ಮುಟ್ಟಿತು. 2022ರ ಅಕ್ಟೋಬರ್‌ನಲ್ಲಿ ಕರ್ನಾಟಕ ಪೊಲೀಸರು ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ, ತಪ್ಪಿದರೆ 1,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿದರು. ಇದೇನೋ ಹೊಸ ಕಾನೂನು ಅಂತ ಬಹಳ ಜನ ಅಂದುಕೊಂಡರು. ಹೊಸದಲ್ಲ. ಮುಂದಕ್ಕೆ ಮುಖ ಮಾಡಿರುವ ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮದಲ್ಲಿ ಬಹಳ ಮೊದಲಿನಿಂದಲೇ ಇದೆ. 2019ರ ತಿದ್ದುಪಡಿಯಲ್ಲಿ ಬಂದ 194ಬಿ ಕಲಂ ದಂಡವನ್ನು 1,000 ರೂಪಾಯಿಗೆ ಏರಿಸಿತು. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದಿದ್ದರೂ ಅಷ್ಟೇ ದಂಡ.

ಈ ಕಲಮಿನಲ್ಲಿ ಒಂದು ಮಾತು ಗಮನಿಸಬೇಕು. ಹಿಂದೆ ಕೂತವರು ಬೆಲ್ಟ್ ಹಾಕದಿದ್ದರೆ ತಪ್ಪು ಅವರದ್ದಲ್ಲ, ಬೆಲ್ಟ್ ಹಾಕದವರನ್ನು ಕೂರಿಸಿಕೊಂಡು ಗಾಡಿ ಓಡಿಸಿದವರದ್ದು. ವಿಮಾನದಲ್ಲಿ ಸಿಬ್ಬಂದಿ ಬಂದು ನೋಡುವ ಹಾಗೆ ಕಾರಿನಲ್ಲಿ ಡ್ರೈವರ್ ನೋಡಬೇಕು ಅನ್ನುವುದು ಕಾನೂನಿನ ಲೆಕ್ಕ. ಆದರೆ ನಮ್ಮ ಕಾರುಗಳಲ್ಲಿ ಡ್ರೈವರ್ ಯಾರು? ಬಾಡಿಗೆ ಗಾಡಿಯಾದರೆ ಸಂಬಳಕ್ಕೋ ಟ್ರಿಪ್ಪಿಗೋ ದುಡಿಯುವ ಒಬ್ಬ ಹುಡುಗ. ಹಿಂದೆ ಕೂತವರು ಅವನಿಗೆ ‘ಸಾರ್’, ‘ಮೇಡಂ’. ಮನೆಯ ಗಾಡಿಯಾದರೆ ಮಗ, ಅಳಿಯ, ತಮ್ಮನ ಮಗ. ಹಿಂದೆ ಅಪ್ಪ, ಅತ್ತೆ, ಮಾವ, ದೊಡ್ಡಮ್ಮ. ಕಾರಿನಲ್ಲಿ ಎಲ್ಲರಿಗಿಂತ ಕಡಿಮೆ ಮಾತಿನ ಅಧಿಕಾರ ಇರುವವನ ತಲೆಗೆ ಕಾನೂನು ಈ ಜವಾಬ್ದಾರಿ ಕಟ್ಟಿದೆ. ಅವನು ಹೇಳುವುದಿಲ್ಲ. ಹೇಳಲು ಆಗುವುದಿಲ್ಲ.

ಪರಿಚಯದ ಟ್ಯಾಕ್ಸಿ ಚಾಲಕರೊಬ್ಬರನ್ನು ಒಮ್ಮೆ ಕೇಳಿದೆ. ‘ಹೇಳ್ತೀನಿ ಸಾರ್. ಹತ್ತು ಜನದಲ್ಲಿ ಒಬ್ಬರು ಹಾಕ್ಕೋತಾರೆ. ಮಿಕ್ಕವರು ಏನು ಅಷ್ಟು ಜೋರಾಗಿ ಓಡಿಸ್ತೀಯಾ ಅಂತಾರೆ’ ಅಂದರು. ಈ ಉತ್ತರದಲ್ಲಿ ನಮ್ಮ ಮನಸ್ಸಿನ ಒಂದು ಮುಖ್ಯ ಸಂಗತಿ ಇದೆ. ಬೆಲ್ಟ್ ಹಾಕುವುದೆಂದರೆ ಓಡಿಸುವವನ ಮೇಲೆ ನಂಬಿಕೆ ಇಲ್ಲ ಅಂತ ತೋರಿಸಿದ ಹಾಗೆ. ಗೆಳೆಯನ ಕಾರು ಹತ್ತಿ ಬೆಲ್ಟ್ ಎಳೆದರೆ ‘ಯಾಕೋ, ನನ್ ಡ್ರೈವಿಂಗ್ ಮೇಲೆ ಭಯಾನಾ?’ ಅನ್ನುತ್ತಾನೆ. ಬೆಲ್ಟ್ ಹಾಕಿ ಅಂತ ಡ್ರೈವರ್ ಹೇಳಿದರೆ ‘ನೀನು ನಿಧಾನಕ್ಕೆ ಓಡ್ಸಪ್ಪ, ಸಾಕು’ ಅನ್ನುತ್ತಾರೆ ದೊಡ್ಡವರು. ಎರಡರಲ್ಲೂ ಇರುವುದು ಒಂದೇ ನಂಬಿಕೆ. ಅಪಘಾತ ನಮ್ಮ ಕಾರಿನೊಳಗಿನ ಡ್ರೈವಿಂಗ್‌ನಿಂದ ಆಗುತ್ತದೆ, ಅದು ಚೆನ್ನಾಗಿದ್ದರೆ ಆಯಿತು. ಆದರೆ ಅಡ್ಡ ಬರುವ ಬೈಕ್, ರಾಂಗ್ ಸೈಡಿನಲ್ಲಿ ಬರುವ ಟ್ರ್ಯಾಕ್ಟರ್, ಲೈಟಿಲ್ಲದೆ ರಸ್ತೆ ಬದಿಯಲ್ಲಿ ನಿಂತ ಲಾರಿ, ಬಣ್ಣ ಹೋಗಿರುವ ಹಂಪ್, ಇವೆಲ್ಲ ನಮ್ಮ ಡ್ರೈವರ್ ಕೈಯಲ್ಲಿ ಇಲ್ಲ.

ಡ್ರೈವಿಂಗ್ ಮೇಲಿನ ಈ ಅತಿ ನಂಬಿಕೆ ನಮ್ಮಲ್ಲಿ ಮಾತ್ರ ಇರುವುದಲ್ಲ. 1981ರಲ್ಲಿ ಓಲಾ ಸ್ವೆನ್ಸನ್ ಎಂಬ ಸ್ವೀಡನ್ನಿನ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದವರಲ್ಲಿ ನೂರಕ್ಕೆ 93 ಮಂದಿ, ಸ್ವೀಡನ್ನಿನವರಲ್ಲಿ 69 ಮಂದಿ ತಾವು ಸರಾಸರಿಗಿಂತ ಚೆನ್ನಾಗಿ ಗಾಡಿ ಓಡಿಸುತ್ತೇವೆ ಅಂದಿದ್ದರು. ಎಲ್ಲರೂ ಸರಾಸರಿಗಿಂತ ಮೇಲಿರಲು ಆಗುವುದಿಲ್ಲ, ಅಲ್ವಾ?

ಹಿಂದಿನ ಸೀಟು ನಮಗೆ ಬರೀ ಸೀಟಲ್ಲ. ಅದು ಗೌರವದ ಜಾಗ. ದೊಡ್ಡ ಮನುಷ್ಯರು ಹಿಂದೆ ಕೂರುತ್ತಾರೆ. ಅದು ಆರಾಮದ ಜಾಗವೂ ಹೌದು. ಕಾಲು ಮಡಚಿ ಕೂರಬಹುದು, ಮಗುವನ್ನು ಮಲಗಿಸಬಹುದು, ಚಕ್ಕುಲಿ ಡಬ್ಬಿ ತೆಗೆದು ಎಲ್ಲರಿಗೂ ಹಂಚಬಹುದು. ಬೆಲ್ಟ್ ಈ ಆರಾಮವನ್ನು ಕಟ್ಟಿಹಾಕುತ್ತದೆ ಅನ್ನಿಸುವುದು ಸಹಜ. 2017ರಲ್ಲಿ ಮಾರುತಿ ಸುಜುಕಿ ಕಂಪನಿ ದೇಶದ 17 ನಗರಗಳಲ್ಲಿ ಮಾಡಿಸಿದ ಸಮೀಕ್ಷೆಯಲ್ಲಿ ನಾಲ್ಕು ಜನರಲ್ಲಿ ಮೂವರು ಬೆಲ್ಟ್ ಸರಿಯಾಗಿ ಬಳಸುವುದಿಲ್ಲ ಎಂದು ಗೊತ್ತಾಯಿತು. ಹೇಳಿದ ಕಾರಣಗಳಲ್ಲಿ ಮೊದಲನೆಯದು ಹಿಡಿಯುವವರು ಇಲ್ಲ ಎಂಬುದು. ನಂತರದ್ದು, ಹಾಕಿಕೊಂಡರೆ ನೋಡುವವರು ಏನಂದುಕೊಳ್ಳುತ್ತಾರೋ ಎಂಬುದು. ಬಟ್ಟೆ ಸುಕ್ಕಾಗುತ್ತದೆ ಎಂಬುದು ಇನ್ನೊಂದು. ಕೊನೆಯ ಎರಡನ್ನು ಓದಿ ನಗಬೇಡಿ. ಇಸ್ತ್ರಿ ಮಾಡಿದ ಅಂಗಿ, ಮದುವೆಗೆ ಉಟ್ಟ ರೇಷ್ಮೆ ಸೀರೆ, ಮುಡಿದ ಹೂವು ಜನರಿಗೆ ನಿಜವಾಗಿ ಮುಖ್ಯ. ನಮ್ಮಮ್ಮ ಇದೇ ಮಾತು ಹೇಳುತ್ತಿದ್ದರು. ಸೆರಗನ್ನು ಮೊದಲು ಸರಿ ಮಾಡಿಕೊಂಡು, ಅದರ ಮೇಲೆ ಬೆಲ್ಟ್ ತಂದು, ಸೊಂಟದ ಪಟ್ಟಿಯನ್ನು ಸ್ವಲ್ಪ ಕೆಳಗೆ ಎಳೆದುಕೊಂಡರೆ ನೆರಿಗೆ ಅಷ್ಟೇನೂ ಕೆಡುವುದಿಲ್ಲ ಅಂತ ಅವರೇ ಎರಡು ಮೂರು ಪ್ರಯಾಣದಲ್ಲಿ ಕಂಡುಕೊಂಡರು.

ಸೀಟ್ ಕವರ್ ವಿಷಯ ಹೇಳಲೇಬೇಕು. ಹೊಸ ಕಾರು ತಂದ ವಾರದಲ್ಲೇ ನಾವು ಕವರ್ ಹಾಕಿಸುತ್ತೇವೆ. ಹಿಂದಿನ ಸೀಟಿನ ಬಕಲ್‌ಗಳು ಕವರ್ ಅಡಿಗೆ ಸೇರಿಬಿಡುತ್ತವೆ. ಹಳದಿ ಬೋರ್ಡ್ ಗಾಡಿಗಳಲ್ಲಂತೂ ಇದು ಬಹಳ ಜಾಸ್ತಿ. ಬೆಲ್ಟ್ ಎಳೆದರೆ ಬರುತ್ತದೆ, ಸಿಕ್ಕಿಸಲು ಬಕಲ್ ಇಲ್ಲ. ಬೆರಳು ಹಾಕಿ ತಡಕಾಡಿದರೆ ಬಿಸ್ಕತ್ತಿನ ಪುಡಿ, ಚಿಲ್ಲರೆ ಕಾಸು ಸಿಗುತ್ತದೆ. ಹಾಕಬೇಕು ಅನ್ನುವ ಮನಸ್ಸಿದ್ದವರೂ ಎರಡು ನಿಮಿಷಕ್ಕೆ ಕೈ ಬಿಡುತ್ತಾರೆ. ಸೀಟಿನ ಬದಿಯಲ್ಲೇ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಬಿಗಿಯಾದ ಕವರ್ ಆ ಬ್ಯಾಗನ್ನೂ ತಡೆಯಬಹುದು. ಜನರ ಧೋರಣೆ ಸರಿಯಿಲ್ಲ ಅಂತ ದೂರುವ ಮೊದಲು ಬಕಲ್ ಕೈಗೆ ಸಿಗುತ್ತದೆಯೇ ಅಂತ ನೋಡಬೇಕು.

ಊರಿನ ಮದುವೆ, ಜಾತ್ರೆ, ಗೃಹಪ್ರವೇಶಕ್ಕೆ ಹೊರಟಾಗ ಇನ್ನೊಂದು ಕಷ್ಟ. ಐದು ಬೆಲ್ಟ್ ಇರುವ ಕಾರಿನಲ್ಲಿ ಏಳೆಂಟು ಜನ. ಯಾರನ್ನು ಬಿಟ್ಟು ಹೋಗುವುದು? ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನುವುದು ನಮ್ಮ ಒಳ್ಳೆಯ ಗುಣಗಳಲ್ಲಿ ಒಂದು. ಕಾರಿನೊಳಗೆ ಮಾತ್ರ ಅದು ಪ್ರಾಣಕ್ಕೆ ಕುತ್ತು ತರುತ್ತದೆ. ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಬೆಲ್ಟ್ ಸಿಗದವರು ಬಸ್ಸಿನಲ್ಲಿ ಬರುವುದು ಒಂದೇ ದಾರಿ.

ಬೆಲ್ಟ್ ಏನು ಮಾಡುತ್ತದೆ

ಕಾರು ಗುದ್ದಿದಾಗ ಗುದ್ದುವುದು ಕಾರು ಮಾತ್ರ ಅಲ್ಲ. ಕಾರು ನಿಂತ ಮೇಲೂ ಒಳಗಿರುವವರು ಅದೇ ವೇಗದಲ್ಲಿ ಮುಂದೆ ಹೋಗುತ್ತಲೇ ಇರುತ್ತಾರೆ. ಅವರು ಮುಂದಿನ ಸೀಟಿಗೋ ಗಾಜಿಗೋ ಗುದ್ದಿ ನಿಲ್ಲುತ್ತಾರೆ. ಅವರು ನಿಂತ ಮೇಲೆ ದೇಹದೊಳಗಿನ ಮೆದುಳು, ಗುಂಡಿಗೆ, ಯಕೃತ್ತು ಮುಂದೆ ಹೋಗಿ ಮೂಳೆಗೆ ಬಡಿಯುತ್ತವೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದುವುದು ಸುಮಾರು 14 ಮೀಟರ್ ಎತ್ತರದಿಂದ ಬೀಳುವುದಕ್ಕೆ ಸಮ. ನಾಲ್ಕನೇ ಮಹಡಿಗಿಂತ ಮೇಲೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಅನುಮತಿ ಇರುವ 100 ಕಿ.ಮೀ. ವೇಗವಾದರೆ ಸುಮಾರು 39 ಮೀಟರ್, ಅಂದರೆ ಹದಿಮೂರು ಮಹಡಿ. ಹದಿಮೂರನೇ ಮಹಡಿಯ ಬಾಲ್ಕನಿಯಲ್ಲಿ ಕಟಾಂಜನ ಇಲ್ಲದಿದ್ದರೆ ನಾವು ಮಗುವನ್ನು ಅಲ್ಲಿ ಬಿಡುತ್ತೇವಾ?

ಮಗು ಅಂದೆ. ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿರುತ್ತೇನೆ ಅನ್ನುವ ತಾಯಂದಿರು ಬಹಳ. ಅವರ ಪ್ರೀತಿಯ ಬಗ್ಗೆ ಅನುಮಾನವಿಲ್ಲ, ಕೈಯ ಶಕ್ತಿಯ ಲೆಕ್ಕ ಮಾತ್ರ ತಪ್ಪುತ್ತದೆ. 10 ಕೆ.ಜಿ. ಮಗು, 50 ಕಿ.ಮೀ. ವೇಗ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಕಾರು ನಿಂತಿತು ಅಂದುಕೊಳ್ಳಿ. ಆ ಕ್ಷಣಕ್ಕೆ ಆ ಮಗುವನ್ನು ಹಿಡಿದಿಡಲು ಸುಮಾರು 140 ಕೆ.ಜಿ. ಭಾರ ಎತ್ತುವಷ್ಟು ಬಲ ಬೇಕು. ಎರಡೂವರೆ ಚೀಲ ಸಿಮೆಂಟಿಗಿಂತ ಜಾಸ್ತಿ. ಯಾವ ತಾಯಿಯ ಕೈಗೂ, ಯಾವ ಪೈಲ್ವಾನನ ಕೈಗೂ ಆಗದ ಕೆಲಸ. ಅದೂ ತಾಯಿ ಬೆಲ್ಟ್ ಹಾಕಿರದಿದ್ದರೆ ಮಗು ಅವಳಿಗೂ ಮುಂದಿನ ಸೀಟಿಗೂ ನಡುವೆ ಸಿಕ್ಕಿಕೊಳ್ಳುತ್ತದೆ.

ಇದೇ ಲೆಕ್ಕ ಹಿಂದಿನ ಸೀಟಿನ ದೊಡ್ಡವರಿಗೂ. 60 ಕೆ.ಜಿ. ಮನುಷ್ಯ ಆ ಹೊತ್ತಿಗೆ 800 ಕೆ.ಜಿ.ಗೂ ಜಾಸ್ತಿ ಬಲದಿಂದ ಮುಂದಿನ ಸೀಟಿಗೆ ಬಡಿಯುತ್ತಾನೆ. ಆ ಸೀಟಿನಲ್ಲಿ ಯಾರು ಕೂತಿರುತ್ತಾರೆ? ಮಗನೋ ಹೆಂಡತಿಯೋ. ಜಪಾನಿನ ಅಪಘಾತಗಳ ಮೇಲೆ ನಡೆದ ಅಧ್ಯಯನವೊಂದು 2002ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹಿಂದೆ ಕೂತವರು ಬೆಲ್ಟ್ ಹಾಕಿರದಿದ್ದರೆ, ಮುಂದೆ ಬೆಲ್ಟ್ ಹಾಕಿ ಕೂತವರ ಸಾವಿನ ಅಪಾಯ ಹತ್ತಿರ ಹತ್ತಿರ ಐದು ಪಟ್ಟು ಏರುತ್ತದೆ ಎಂದು ಅದರಲ್ಲಿ ಕಂಡುಬಂತು. ‘ನನ್ನ ಪ್ರಾಣ, ನನ್ನ ಇಷ್ಟ’ ಅನ್ನುವ ಮಾತು ಹಿಂದಿನ ಸೀಟಿನಲ್ಲಿ ನಿಲ್ಲುವುದಿಲ್ಲ.

ಈಗಿನ ಬೆಲ್ಟನ್ನು 1959ರಲ್ಲಿ ರೂಪಿಸಿದವರು ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್. ಅದಕ್ಕೂ ಮೊದಲು ಅವರು ಯುದ್ಧವಿಮಾನದಿಂದ ಪೈಲಟ್‌ಗಳನ್ನು ಹೊರಗೆ ಚಿಮ್ಮಿಸುವ ಸೀಟುಗಳ ಕೆಲಸ ಮಾಡಿದ್ದರು. ಹಾಗಾಗಿ ದೇಹ ಎಷ್ಟು ಹೊಡೆತ ತಡೆಯುತ್ತದೆ, ಎಲ್ಲಿ ತಡೆಯುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ಹೊಟ್ಟೆಯ ಮೇಲೆ ಮಾತ್ರ ಬಿಗಿಯುವ ಹಳೆಯ ಬೆಲ್ಟ್ ಕರುಳಿಗೆ ಏಟು ಮಾಡುತ್ತಿತ್ತು. ಬೋಲಿನ್ ಅವರ ಬೆಲ್ಟ್ ಹೊಡೆತವನ್ನು ದೇಹದ ಗಟ್ಟಿ ಮೂಳೆಗಳಿಗೆ ಹಂಚಿತು: ಸೊಂಟ, ಪಕ್ಕೆಲುಬು, ಭುಜ. ಒಂದೇ ಕೈಯಲ್ಲಿ ಹಾಕಿಕೊಳ್ಳಬಹುದು. ವೋಲ್ವೋ ಆ ಪೇಟೆಂಟನ್ನು ಎಲ್ಲ ಕಂಪನಿಗಳಿಗೂ ಬಿಟ್ಟುಕೊಟ್ಟಿತು. ಭುಜದ ಪಟ್ಟಿಯನ್ನು ಕಂಕುಳ ಕೆಳಗೆ ತಂದುಕೊಂಡರೆ, ಸೊಂಟದ ಪಟ್ಟಿಯನ್ನು ಹೊಟ್ಟೆಯ ಮೇಲೆ ಬಿಟ್ಟರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಗರ್ಭಿಣಿಯರಿಗೂ ಅಷ್ಟೇ. ಬೆಲ್ಟ್ ಬೇಕು, ಆದರೆ ಸೊಂಟದ ಪಟ್ಟಿ ಹೊಟ್ಟೆಯ ಕೆಳಗೆ ಇರಬೇಕು, ಭುಜದ ಪಟ್ಟಿ ಎದೆಯ ಮಧ್ಯದಲ್ಲಿ ಬರಬೇಕು.

ಕಟ್ಟಿಹಾಕಿದ ಹಾಗೆ ಆಗುತ್ತದೆ ಅನ್ನುವವರು ಒಮ್ಮೆ ಬೆಲ್ಟನ್ನು ನಿಧಾನವಾಗಿ ಎಳೆದು ನೋಡಿ. ಎಷ್ಟು ಬೇಕಾದರೂ ಬರುತ್ತದೆ. ಮುಂದೆ ಬಗ್ಗಬಹುದು, ನೀರಿನ ಬಾಟಲಿ ತೆಗೆದುಕೊಳ್ಳಬಹುದು. ಈಗ ಸಟಕ್ಕನೆ ಜಗ್ಗಿ. ಅಲ್ಲೇ ಹಿಡಿದುಕೊಳ್ಳುತ್ತದೆ.

ಜನ ಹೇಳುವ ಭಯಗಳು

‘ಕಾರಿಗೆ ಬೆಂಕಿ ಬಿದ್ದರೆ, ನೀರಿಗೆ ಬಿದ್ದರೆ, ಬೆಲ್ಟ್ ಬಿಚ್ಚಲು ಆಗದೆ ಸಾಯುತ್ತೇವೆ.’ ನಮ್ಮ ಕಡೆ ಈ ಭಯಕ್ಕೆ ಕಾರಣವಿದೆ. ಮಂಡ್ಯ ಜಿಲ್ಲೆಯ ವಿ.ಸಿ. ನಾಲೆಗೆ ಕಾರು ಬಿದ್ದು ಜನ ಸತ್ತ ಸುದ್ದಿಯನ್ನು 2023ರಲ್ಲಿ ಮತ್ತೆ ಮತ್ತೆ ಓದಿದೆವು. ಅಲ್ಲಿ ಮೊದಲು ಬೇಕಾದದ್ದು ನಾಲೆಯ ಬದಿಗೆ ತಡೆಗೋಡೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಥ ಅಪಘಾತ ಎಷ್ಟು? ಬೆಂಕಿ ಅಥವಾ ನೀರಿನ ಅಪಘಾತಗಳು 200ಕ್ಕೆ ಒಂದಕ್ಕಿಂತಲೂ ಕಡಿಮೆ ಎಂಬುದು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಬಹಳ ಹಿಂದಿನಿಂದ ಹೇಳುತ್ತಿರುವ ಲೆಕ್ಕ. ಅಂಥ ಸಮಯದಲ್ಲೂ ಹೊರಗೆ ಬರಬೇಕಾದರೆ ಮೊದಲು ಎಚ್ಚರ ಇರಬೇಕು. ನೀರಿಗೆ ಬೀಳುವ ಹೊಡೆತಕ್ಕೆ ತಲೆ ಒಡೆದು ಪ್ರಜ್ಞೆ ತಪ್ಪಿದವನಿಗೆ ಬೆಲ್ಟ್ ಇಲ್ಲದಿದ್ದರೂ ಬಾಗಿಲು ತೆರೆಯಲು ಆಗುವುದಿಲ್ಲ.

‘ಏರ್‌ಬ್ಯಾಗ್ ಇದೆಯಲ್ಲ.’ ಏರ್‌ಬ್ಯಾಗ್ ಬೆಲ್ಟಿಗೆ ಜೊತೆಗಾರ, ಬದಲಿ ಅಲ್ಲ. ಅದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ, ಸೆಕೆಂಡಿನ ನೂರರಲ್ಲಿ ಮೂರು ಭಾಗದಷ್ಟು ಹೊತ್ತಿನಲ್ಲಿ, ಸ್ಫೋಟದ ಹಾಗೆ ಉಬ್ಬುತ್ತದೆ. ಬೆಲ್ಟ್ ಇದ್ದರೆ ನಮ್ಮ ತಲೆ ಸರಿಯಾದ ಹೊತ್ತಿಗೆ, ಸರಿಯಾದ ದೂರದಲ್ಲಿ ಅದಕ್ಕೆ ತಾಗುತ್ತದೆ. ಇಲ್ಲದಿದ್ದರೆ ಇನ್ನೂ ಉಬ್ಬುತ್ತಿರುವ ಚೀಲಕ್ಕೆ ಮುಖ ಕೊಟ್ಟ ಹಾಗೆ.

‘ಇಲ್ಲೇ ಹತ್ತಿರ, ಪೇಟೆಗೆ ಹೋಗಿ ಬರೋದು.’ ದೊಡ್ಡಪ್ಪನ ಐದು ಹೊಲಿಗೆಯನ್ನು ನೆನೆಸಿಕೊಂಡರೆ ನನಗೆ ಇದಕ್ಕೆ ಬೇರೆ ಉತ್ತರ ಬೇಕಿಲ್ಲ.

ಎಲ್ಲಕ್ಕಿಂತ ಕಷ್ಟದ ಮಾತು ಹಣೆಬರಹದ್ದು. 2024ರ ಡಿಸೆಂಬರ್ 21ರಂದು ನೆಲಮಂಗಲದ ಹತ್ತಿರ ಕಂಟೇನರ್ ಲಾರಿಯೊಂದು ಕಾರಿನ ಮೇಲೆ ಮಗುಚಿ ಬಿದ್ದು ಒಂದೇ ಕುಟುಂಬದ ಆರು ಜನ ಸತ್ತರು. ಕಾರು ವೋಲ್ವೋ. ಸುರಕ್ಷತೆಗೆ ಹೆಸರಾದ ಕಂಪನಿ, ಈಗಿನ ಬೆಲ್ಟ್ ರೂಪಿಸಿದ ಕಂಪನಿ. ‘ಅಂಥ ಕಾರೇ ಉಳಿಸಲಿಲ್ಲ, ಬೆಲ್ಟ್ ಏನು ಉಳಿಸುತ್ತೆ, ಬರೆದದ್ದು ತಪ್ಪಲ್ಲ’ ಎಂಬ ಮಾತು ಆ ವಾರ ಬಹಳ ಕಡೆ ಕೇಳಿದೆ. ಸತ್ತವರಲ್ಲಿ ಮಕ್ಕಳೂ ಇದ್ದರು. ಆ ದುಃಖದ ಎದುರು ವಾದ ಮಾಡುವ ಮನಸ್ಸಾಗುವುದಿಲ್ಲ. ಆದರೂ ಹೇಳಬೇಕು. ಟನ್ನುಗಟ್ಟಲೆ ಭಾರ ಮೇಲಿಂದ ಬಿದ್ದರೆ ಯಾವ ಬೆಲ್ಟೂ ಉಳಿಸುವುದಿಲ್ಲ, ನಿಜ. ಅಂಥದ್ದು ಅಪರೂಪ. ಹೆದ್ದಾರಿಯಲ್ಲಿ ದಿನಾ ಆಗುವುದು ಮುಂದಿನ ಗಾಡಿಗೆ ಗುದ್ದುವುದು, ಡಿವೈಡರ್‌ಗೆ ಹೊಡೆಯುವುದು, ಪಲ್ಟಿಯಾಗುವುದು. ಪಲ್ಟಿಯಾದಾಗ ಬೆಲ್ಟ್ ಇಲ್ಲದವರು ಕಿಟಕಿಯಿಂದ ಹೊರಗೆ ಎಸೆಯಲ್ಪಟ್ಟು ಸಾಯುತ್ತಾರೆ. ಈ ಸಾವುಗಳಲ್ಲಿ ಬಹಳಷ್ಟನ್ನು ಬೆಲ್ಟ್ ತಪ್ಪಿಸುತ್ತದೆ. ಮಳೆ ಬರುವುದು ನಮ್ಮ ಕೈಯಲ್ಲಿಲ್ಲ ಅಂತ ಯಾವ ರೈತನೂ ಬದು ಹಾಕುವುದನ್ನು ಬಿಡುವುದಿಲ್ಲ.

ಮನಸ್ಸು ಮೊದಲೋ, ಅಭ್ಯಾಸ ಮೊದಲೋ

ಜನರಿಗೆ ಅರಿವು ಮೂಡಿಸಿದರೆ ತಾವಾಗಿಯೇ ಹಾಕುತ್ತಾರೆ ಅನ್ನುವುದು ನಮ್ಮಲ್ಲಿ ರೂಢಿಯ ಮಾತು. ಬೇರೆ ದೇಶಗಳ ಅನುಭವ ಹಾಗೆ ಹೇಳುವುದಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1970ರಲ್ಲಿ ಪ್ರಪಂಚದಲ್ಲೇ ಮೊದಲು ಬೆಲ್ಟ್ ಕಡ್ಡಾಯ ಮಾಡಿತು. ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ಪ್ರಚಾರ ಮಾಡಿದರೂ ಮುಂದಿನ ಸೀಟಿನಲ್ಲಿ ನೂರಕ್ಕೆ ಸುಮಾರು 40 ಜನ ಮಾತ್ರ ಹಾಕುತ್ತಿದ್ದರು. 1983ರ ಜನವರಿ 31ರಂದು ಕಡ್ಡಾಯವಾಯಿತು. ಸ್ವಲ್ಪ ಸಮಯದಲ್ಲೇ ಅದು 90 ದಾಟಿತು. ಅಷ್ಟು ಬೇಗ ಜನರ ಮನಸ್ಸು ಬದಲಾಯಿತಾ? ಇಲ್ಲ. ಕೈ ಮೊದಲು ಬದಲಾಯಿತು, ಮನಸ್ಸು ಆಮೇಲೆ ಹಿಂಬಾಲಿಸಿತು. ಅಲ್ಲೂ ಹಿಂದಿನ ಸೀಟಿನ ದೊಡ್ಡವರಿಗೆ ಕಡ್ಡಾಯವಾದದ್ದು 1991ರಲ್ಲಿ.

ಬಲವಂತಕ್ಕೂ ಒಂದು ಮಿತಿ ಇದೆ. ಅಮೆರಿಕದಲ್ಲಿ 1974ರ ಕಾರುಗಳಿಗೆ, ಬೆಲ್ಟ್ ಹಾಕದಿದ್ದರೆ ಎಂಜಿನ್ನೇ ಸ್ಟಾರ್ಟ್ ಆಗದ ವ್ಯವಸ್ಥೆ ಮಾಡಿದರು. ಜನ ಎಷ್ಟು ಸಿಟ್ಟಾದರೆಂದರೆ ಅದೇ ವರ್ಷ ಅಲ್ಲಿನ ಸಂಸತ್ತು ಅದನ್ನು ತೆಗೆಸಿಹಾಕಿತು. 1980ರ ದಶಕದ ಆರಂಭದಲ್ಲಿ ಅಲ್ಲಿ ಬೆಲ್ಟ್ ಹಾಕುತ್ತಿದ್ದವರು ನೂರಕ್ಕೆ 14 ಮಂದಿ. 1984ರಲ್ಲಿ ನ್ಯೂಯಾರ್ಕ್ ರಾಜ್ಯ ಕಾನೂನು ತಂದಿತು, ನ್ಯೂ ಹ್ಯಾಂಪ್‌ಶೈರ್ ಒಂದನ್ನು ಬಿಟ್ಟು ಉಳಿದ ರಾಜ್ಯಗಳು ಒಂದೊಂದಾಗಿ ಹಿಂದೆ ಬಂದವು. ಈಗ ಅಲ್ಲಿ ಹತ್ತರಲ್ಲಿ ಒಂಬತ್ತು ಜನ ಹಾಕುತ್ತಾರೆ.

ನಮ್ಮಲ್ಲಿ 2019ರ ಜುಲೈನಿಂದ ಹೊಸ ಕಾರುಗಳಲ್ಲಿ ಮುಂದಿನ ಎರಡು ಸೀಟಿಗೆ ಬೆಲ್ಟ್ ನೆನಪಿಸುವ ಬೀಪ್ ಕಡ್ಡಾಯವಾಯಿತು. ಅದಕ್ಕೂ ಒಂದು ಅಡ್ಡದಾರಿ ಹುಟ್ಟಿತು. ಬಕಲ್‌ಗೆ ಸಿಕ್ಕಿಸಿ ಬೀಪ್ ನಿಲ್ಲಿಸುವ ಲೋಹದ ಕ್ಲಿಪ್. ಆನ್‌ಲೈನಿನಲ್ಲಿ ಬಾಟಲ್ ಓಪನರ್ ಅಂತ ಹೆಸರು ಹೇಳಿ ಮಾರುತ್ತಿದ್ದರು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಕಂಪನಿಗಳ ವಿರುದ್ಧ ಆದೇಶ ಹೊರಡಿಸಿತು, 13,118 ಮಾರಾಟದ ಪಟ್ಟಿಗಳನ್ನು ತೆಗೆಸಲಾಯಿತು. ಅಷ್ಟು ಪಟ್ಟಿಗಳಿದ್ದವು ಅಂದರೆ ಕೊಳ್ಳುವವರು ಎಷ್ಟು ಜನ ಇದ್ದಿರಬಹುದು? ಲಕ್ಷಗಟ್ಟಲೆ ಹಣ ಕೊಟ್ಟು ಕಾರು ತಂದವರು ತಮ್ಮನ್ನು ಕಾಯುವ ಸದ್ದನ್ನು ಅಡಗಿಸಲು ಮತ್ತೆ ಹಣ ಕೊಟ್ಟಿದ್ದಾರೆ. ಇದು ನನ್ನನ್ನು ಬಹಳ ನೋಯಿಸುತ್ತದೆ.

ಕ್ಯಾಮೆರಾಗಳು ಬಂದ ಮೇಲೆ ಸ್ವಲ್ಪ ಬದಲಾವಣೆ ಕಾಣುತ್ತಿದೆ. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಲ್ಲಿ ಇವು ಶುರುವಾದವು. ಮೈಸೂರು ಹೆದ್ದಾರಿಯಲ್ಲೂ ಬಂದಿವೆ. ಮುಂದೆ ಕೂತವರು ಈಗ ಹಾಕುತ್ತಾರೆ, ಮೊಬೈಲಿಗೆ ದಂಡದ ಮೆಸೇಜ್ ಬರುವ ಭಯಕ್ಕಾದರೂ. ಆದರೆ ಮುಂದಿನ ಗಾಜಿನಿಂದ ನೋಡುವ ಕ್ಯಾಮೆರಾಗೆ ಹಿಂದಿನ ಸೀಟು ಕಾಣುವುದು ಕಷ್ಟ. ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಡುವುದು 2023ರಲ್ಲಿ ಆಯಿತು, 2025ರಲ್ಲೂ ಆಯಿತು. ಜನ ಸಾಲಲ್ಲಿ ನಿಂತು ಕಟ್ಟಿದರು, ಖಜಾನೆಗೆ ಹಣ ಬಂತು. ಆದರೆ ಕಾದರೆ ಅರ್ಧ ಆಗುತ್ತದೆ ಅನ್ನುವ ಪಾಠವೂ ಅದರ ಜೊತೆ ಹೋಯಿತು. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ದಂಡ ಎಷ್ಟು ಎನ್ನುವುದಕ್ಕಿಂತ ತಪ್ಪದೆ ಬೀಳುತ್ತದೆ ಎನ್ನುವುದು ಮುಖ್ಯ.

ಹಿಂದಿನ ಸೀಟಿನ ಮಟ್ಟಿಗೆ ಪೊಲೀಸರನ್ನು ನೆಚ್ಚಿಕೊಂಡು ಕೂರಲು ಆಗದು. ಅಲ್ಲಿಗೆ ಕೈ ಹಾಕಬಲ್ಲವರು ಕಾರಿನೊಳಗೇ ಇರುವವರು. ಟ್ಯಾಕ್ಸಿ ಓಡಿಸುವವರ ಬಾಯಿಗೆ ಬಲ ಬರಬೇಕಾದರೆ ಅವರ ಮಾಲೀಕರು, ಬುಕಿಂಗ್ ಕಂಪನಿಗಳು ಇದು ನಮ್ಮ ನಿಯಮ ಅಂತ ಗ್ರಾಹಕರಿಗೆ ಮೊದಲೇ ಹೇಳಿಬಿಡಬೇಕು. ಆಗ ಚಾಲಕ ತನ್ನ ಮಾತು ಹೇಳುತ್ತಿರುವುದಿಲ್ಲ. ಮನೆಯ ಗಾಡಿಯಲ್ಲಿ ಈ ಉಪಾಯ ನಡೆಯದು. ಅಲ್ಲಿ ನಾನು ಬೇರೆ ದಾರಿ ಹಿಡಿದಿದ್ದೇನೆ. ದೊಡ್ಡವರಿಗೆ ‘ಬೆಲ್ಟ್ ಹಾಕ್ಕೊಳ್ಳಿ’ ಅಂತ ಹೇಳುವುದಿಲ್ಲ. ಅವರು ಹತ್ತಿ ಕೂತ ಮೇಲೆ ಹಿಂದಿನ ಬಾಗಿಲ ಹತ್ತಿರ ಹೋಗಿ, ಬೆಲ್ಟ್ ಎಳೆದು, ನಾನೇ ಸಿಕ್ಕಿಸಿ ಕೊಡುತ್ತೇನೆ. ಮನೆಗೆ ಬಂದವರಿಗೆ ಕೈಕಾಲಿಗೆ ನೀರು ಕೊಡುವ ಹಾಗೆ. ಹೇಳಿದರೆ ಬುದ್ಧಿ ಹೇಳಿದ ಹಾಗೆ ಆಗುತ್ತದೆ, ಮಾಡಿಕೊಟ್ಟರೆ ಉಪಚಾರ ಆಗುತ್ತದೆ. ಇದುವರೆಗೆ ಯಾರೂ ಬೇಡ ಅಂದಿಲ್ಲ.

ಕಳೆದ ಮಾಘದಲ್ಲಿ ನೆಂಟರ ಮದುವೆಗೆ ಹೊರಟಿದ್ದೆವು. ಅವತ್ತು ಹೋಗಿದ್ದು ಚಿಕ್ಕಪ್ಪನ ಮಗನ ಹೊಸ ಕಾರಿನಲ್ಲಿ. ದೊಡ್ಡಪ್ಪ ಹಿಂದೆ ಕೂತರು. ಭುಜದ ಹತ್ತಿರ ಕೈ ಹಾಕಿ ಬೆಲ್ಟ್ ಎಳೆದರು, ಸೊಂಟದ ಪಕ್ಕ ತಡಕಾಡಿದರು. ‘ಇದನ್ನ ಎಲ್ಲಿಗೋ ಸಿಗ್ಸೋದು? ಎಲ್ಲಿದೆ?’ ಅಂದರು. ಬಕಲ್ ಕವರ್ ಅಡಿಯಲ್ಲಿತ್ತು. ಎಲ್ಲರೂ ಕೆಳಗಿಳಿದೆವು. ಅಂಗಳದಲ್ಲಿ ನಾಲ್ಕೂ ಬಾಗಿಲು ತೆರೆದು, ಹೊಸ ಕವರಿನ ಹಿಂದಿನ ಕೊಕ್ಕೆಗಳನ್ನು ಒಂದೊಂದಾಗಿ ಬಿಡಿಸಿ, ಮೂರು ಬಕಲ್‌ಗಳನ್ನೂ ಮೇಲಕ್ಕೆ ತೆಗೆಯುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ದೊಡ್ಡಪ್ಪ ಜಗಲಿ ಮೇಲೆ ಕೂತು ಕಾದರು. ತಿಂಡಿ ತಪ್ಪಿತು, ಮುಹೂರ್ತಕ್ಕೆ ಸರಿಯಾಗಿ ಹೋಗಿ ಸೇರಿದೆವು.